ಟಕ್ ಅಂದ ಮೇಲೆ

ಹೊಲದ ಲೈನಿಗೆ ಈ ವಾರ ರಾತ್ರಿ ಪಾಳಿ ಅಂದರೆ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಶಿರೂರ ಅನಂತಪಾಳದ ಸುತ್ತಿನ ರೈತನಿಗೆ ಅಷ್ಟೂ ದಿನ ನಿದ್ದೆ ಇಲ್ಲ. ಕರೆಂಟು ಬರುವುದು ಊರು ಮಲಗಿದ ಮೇಲೆ. ಬಾವಿ ಇರುವುದು ಊರಾಚೆ, ಎರೆ ಹೊಲದ ನಡುವೆ. ಬ್ಯಾಟರಿ ಹಿಡಿದು, ಹಾವು ಹಂದಿಗೆ ಹೆದರುತ್ತ, ಕೆಸರು ತುಳಿದು ಹೋಗಿ ಹಸಿರು ಗುಂಡಿ ಒತ್ತಿದರೆ ಮೋಟಾರು ಸುರು. ಅರ್ಧ ತಾಸಿಗೆ ಕರೆಂಟು ಹೋಯಿತೋ, ಅಲ್ಲೇ ಕೂತು ಕಾಯಬೇಕು. ನಿಲಂಗಾ, ಉದಗೀರ, ಉಮರ್ಗಾ ಕಡೆಯೂ ಇದೇ ಕಥೆ. ಗಡಿ ದಾಟಿ ಕರ್ನಾಟಕದ ಭಾಲ್ಕಿ, ಔರಾದಕ್ಕೆ ಬಂದರೂ ಕಥೆ ಬದಲಾಗುವುದಿಲ್ಲ. 1956ರವರೆಗೆ ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಈಗ ಆ ಕಡೆ ಕರೆಂಟು ಕೊಡುವುದು ಮಹಾವಿತರಣ, ಈ ಕಡೆ ಜೆಸ್ಕಾಂ. ಟ್ರಾನ್ಸ್‌ಫಾರ್ಮರಿಗೆ ಅವರು ಡಿಪಿ ಎಂದರೆ ಇವರು ಟಿಸಿ ಅನ್ನುತ್ತಾರೆ. ಸುಡುವಾಗ ಎರಡೂ ಒಂದೇ ರೀತಿ ಸುಡುತ್ತವೆ.

ಮೊಬೈಲ್ ಸ್ಟಾರ್ಟರ್ ಬಂದದ್ದು ಈ ನಡುರಾತ್ರಿಯ ನಡಿಗೆ ತಪ್ಪಿಸಲಿಕ್ಕೆ. ಪುಣೆಯ ಸಂತೋಷ ಓಸ್ತವಾಲ್ ರೂಪಿಸಿದ ‘ನ್ಯಾನೋ ಗಣೇಶ’ ಈ ಸಾಲಿನಲ್ಲಿ ಮೊದಮೊದಲು ಹೆಸರು ಮಾಡಿದ ಪೆಟ್ಟಿಗೆ. 2009ರಲ್ಲಿ ಅದಕ್ಕೆ ನೋಕಿಯಾ ಕಂಪನಿಯ ಜಾಗತಿಕ ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಈಗ ಪೇಟೆಯಲ್ಲಿ ಹತ್ತಾರು ಕಂಪನಿಗಳ ಪೆಟ್ಟಿಗೆಗಳಿವೆ. ಮನೆಯ ಕಟ್ಟೆಯ ಮೇಲೆ ಕೂತು ಫೋನ್ ಹಚ್ಚಿದರೆ ಹೊಲದ ಪೆಟ್ಟಿಗೆ ಎತ್ತಿಕೊಳ್ಳುತ್ತದೆ. ಒಂದು ಅಂಕಿ ಒತ್ತಿದರೆ ಸುರು, ಇನ್ನೊಂದು ಒತ್ತಿದರೆ ಬಂದ್. ಅದಾದ ಮೇಲೆ ನಡೆಯುವ ಮಾತುಕತೆ ಸಾಮಾನ್ಯವಾಗಿ ಹೀಗಿರುತ್ತದೆ:

“ಮೋಟಾರ್ ಸುರು ಆಯ್ತೇನೋ ತಮ್ಮಾ?”

“ಆನ್ ಆಗ್ಯಾದ ಅಂತ ಪೆಟ್ಟಿಗಿ ಹೇಳ್ಲಿಕ್ಕತ್ಯಾದ ಕಾಕಾ.”

“ಪೆಟ್ಟಿಗಿ ಹೇಳೋದ್ ಬಿಡು. ನೀರ್ ಬಿದ್ದಾದೇನು?”

ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಕೊಡಬಲ್ಲ ಪೆಟ್ಟಿಗೆಗಳು ಕಡಿಮೆ. ಯಾಕೆ ಕಡಿಮೆ ಎಂದು ತಿಳಿಯಬೇಕಾದರೆ ಮುಚ್ಚಳ ತೆಗೆದು ನೋಡಬೇಕು.

ಒಳಗೆ ಇರುವುದು ಮುಖ್ಯವಾಗಿ ಮೂರು ವಸ್ತು. ಸಿಮ್ ಹಾಕುವ ಮೋಡೆಮ್ ಒಂದು. ಉಗುರಿನಷ್ಟು ದೊಡ್ಡ ಕಂಪ್ಯೂಟರ್ ಚಿಪ್ ಇನ್ನೊಂದು. ಸಕ್ಕರೆ ಗಡ್ಡೆಯ ಅಳತೆಯ ನೀಲಿ ಅಥವಾ ಕರಿ ಡಬ್ಬಿಗಳು ಒಂದೋ ಎರಡೋ. ಈ ಡಬ್ಬಿಗಳೇ ರಿಲೇ. ಮೋಡೆಮ್ಮೂ ಚಿಪ್ಪೂ ಮಾತಾಡುವುದು ಎರಡು ಸಣ್ಣ ತಂತಿಗಳ ಮೇಲೆ. ಹೋಗುವ ಮಾತಿಗೆ ಒಂದು, ಬರುವ ಮಾತಿಗೆ ಒಂದು. ಇದಕ್ಕೇ ಸೀರಿಯಲ್ ಲಿಂಕ್ ಎನ್ನುವುದು. ಕರೆ ಬಂದಾಗ ಮೋಡೆಮ್ ‘ರಿಂಗ್’ ಎಂದು ಅಕ್ಷರದಲ್ಲೇ ಬರೆದು ಕಳಿಸುತ್ತದೆ, ಕರೆದವರ ನಂಬರನ್ನೂ ಕೊಡುತ್ತದೆ. ನಂಬರು ತನ್ನ ಪಟ್ಟಿಯಲ್ಲಿದ್ದರೆ ಚಿಪ್ ‘ಎಟಿಎ’ ಎನ್ನುತ್ತದೆ, ಅಂದರೆ ಫೋನ್ ಎತ್ತು. ನೀವು ಅಂಕಿ ಒತ್ತಿದರೆ ಅದೂ ಇದೇ ತಂತಿಯ ಮೇಲೆ ಬರುತ್ತದೆ. ಕೊನೆಗೆ ‘ಎಟಿಎಚ್’, ಅಂದರೆ ಫೋನ್ ಇಡು. ಇದು ಅಮೆರಿಕದ ಡೆನಿಸ್ ಹೇಯ್ಸ್ 1981ರಲ್ಲಿ ತನ್ನ ಮೋಡೆಮ್ಮಿಗಾಗಿ ಕಟ್ಟಿದ ಭಾಷೆ. ಟೆಲಿಫೋನ್ ತಂತಿಗೆ ಜೋಡಿಸುವ ಆ ಕಾಲದ ಯಂತ್ರಕ್ಕೆ ಮಾಡಿದ ನುಡಿ ಇವತ್ತು ಸೋಯಾಬೀನ್ ಹೊಲದ ಬೇವಿನ ಗಿಡಕ್ಕೆ ಕಟ್ಟಿದ ಪೆಟ್ಟಿಗೆಯಲ್ಲಿ ನಡೆಯುತ್ತಿದೆ. (ಹಳೆಯ ಪೆಟ್ಟಿಗೆ ಇದ್ದವರು ಒಂದು ಮಾತು ನೆನಪಿಡಿ: ಅವುಗಳ ಮೋಡೆಮ್ ಬಹುಪಾಲು 2ಜಿ ಮಾತ್ರ. ಜಿಯೋಗೆ 2ಜಿ ಇಲ್ಲ. ಹೊಸ ಸಿಮ್ ಹಾಕಿ, ಪೆಟ್ಟಿಗೆ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯಬೇಡಿ.)

ಈಗ ರಿಲೇ ವಿಷಯ. 1835ರ ಸುಮಾರಿಗೆ ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ತೋರಿಸಿದ ಉಪಾಯ ಇದು. ಕಬ್ಬಿಣದ ತುಂಡಿಗೆ ತಂತಿ ಸುತ್ತಿ ಅದರಲ್ಲಿ ಸ್ವಲ್ಪ ಕರೆಂಟು ಹಾಯಿಸಿದರೆ ಅದು ಅಯಸ್ಕಾಂತವಾಗುತ್ತದೆ, ಎದುರಿನ ಪಟ್ಟಿಯನ್ನು ಎಳೆಯುತ್ತದೆ. ಪಟ್ಟಿ ಇನ್ನೊಂದು ಸರ್ಕೀಟನ್ನು ಕೂಡಿಸುತ್ತದೆ. ಸಣ್ಣ ಕರೆಂಟು ದೊಡ್ಡ ಕರೆಂಟಿನ ಬಾಗಿಲು ತೆಗೆದಂತಾಯಿತು, ಎರಡಕ್ಕೂ ನಡುವೆ ತಂತಿಯ ಸಂಬಂಧ ಮಾತ್ರ ಇಲ್ಲ. ದೂರ ಹೋಗುತ್ತ ಸೊರಗಿದ ಟೆಲಿಗ್ರಾಫ್ ಸಂಕೇತಕ್ಕೆ ನಡುದಾರಿಯಲ್ಲಿ ಹೊಸ ಬಲ ತುಂಬಲು ಇದೇ ಬೇಕಾಯಿತು. ಆ ‘ಟಕ್’ ಶಬ್ದ ಅಂದಿನಿಂದ ಇಂದಿನವರೆಗೆ ಒಂದೇ.

ನೀಲಿ ಡಬ್ಬಿಯ ಮೇಲೆ ಬರೆದದ್ದನ್ನು ಓದಿ. ಸಾಮಾನ್ಯವಾಗಿ ‘10 ಆಂಪಿಯರ್, 250 ವೋಲ್ಟ್’ ಎಂದಿರುತ್ತದೆ. ಒಳಗಿನ ಸುರುಳಿಗೆ 5 ವೋಲ್ಟ್ ಬೇಕು, ಸುಮಾರು 70 ಮಿಲಿ ಆಂಪಿಯರ್ ಎಳೆಯುತ್ತದೆ. ಚಿಪ್ಪಿನ ಒಂದು ಕಾಲು ನೆಮ್ಮದಿಯಿಂದ ಕೊಡಬಲ್ಲದ್ದು 20 ಮಿಲಿ ಆಂಪಿಯರ್. ಹಾಗಾಗಿ ಚಿಪ್ಪಿನ ಕಾಲಿಗೆ ರಿಲೇಯನ್ನು ನೇರ ಕಟ್ಟುವಂತಿಲ್ಲ. ನಡುವೆ ಒಂದು ಟ್ರಾನ್ಸಿಸ್ಟರ್ ಬೇಕು, ಅಥವಾ ಏಳು ರಿಲೇಗಳನ್ನು ಒಟ್ಟಿಗೆ ಹೊರಬಲ್ಲ ಯುಎಲ್‌ಎನ್ 2003 ಎಂಬ ಅಗ್ಗದ ಐಸಿ ಬೇಕು. ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಇರಲೇಬೇಕು. ಕರೆಂಟು ಕಡಿದ ಕ್ಷಣ ಸುರುಳಿ ತಿರುಗಿ ಒದೆಯುತ್ತದೆ. ಆ ಒದೆತದ ವೋಲ್ಟೇಜ್ ಟ್ರಾನ್ಸಿಸ್ಟರನ್ನು ಕೊಲ್ಲುವಷ್ಟಿರುತ್ತದೆ. ಒಂದೆರಡು ರೂಪಾಯಿಯ 1ಎನ್4007 ಡಯೋಡ್ ಅದನ್ನು ನುಂಗಿಕೊಳ್ಳುತ್ತದೆ.

ಇಷ್ಟಾದರೂ ಈ ಡಬ್ಬಿ ಪಂಪು ಓಡಿಸಲಾರದು. 5 ಎಚ್‌ಪಿ ಮೋಟಾರು ಓಡುವಾಗ ಪ್ರತಿ ಫೇಸಿನಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಸುರುವಾಗುವ ಗಳಿಗೆಯಲ್ಲಿ ಅದರ ಆರು ಪಟ್ಟು, ಅಂದರೆ 45ರ ಹತ್ತಿರ. ಸಣ್ಣ ರಿಲೇಯ ಪಟ್ಟಿ ಆ ಬಿಸಿಗೆ ಕರಗಿ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ‘ಬಂದ್’ ಎಂದು ಎಷ್ಟು ಸಲ ಹೇಳಿದರೂ ಬಿಡುವುದಿಲ್ಲ. ಆದ್ದರಿಂದ ಸಣ್ಣ ರಿಲೇಗೆ ಕೊಡುವ ಕೆಲಸ ಒಂದೇ: ರೈತ ಬೆರಳಿನಿಂದ ಒತ್ತುತ್ತಿದ್ದ ಗುಂಡಿಯನ್ನು ತಾನು ಒತ್ತುವುದು.

ಗೋಡೆಗೆ ತೂಗುವ ಸ್ಟಾರ್ಟರ್ ಕೂಡ ರಿಲೇಯೇ, ದಪ್ಪ ಮೈಯದು ಅಷ್ಟೆ. ಹಸಿರು ಗುಂಡಿ ಒತ್ತಿದಾಗ ಅದರ ಸುರುಳಿಗೆ ಕರೆಂಟು ಹಾಯುತ್ತದೆ, ಮೂರೂ ಫೇಸಿನ ಕಾಂಟ್ಯಾಕ್ಟ್ ‘ಧಪ್’ ಎಂದು ಕೂಡುತ್ತವೆ. ಜೊತೆಗೆ ಒಂದು ಸಣ್ಣ ಕಾಂಟ್ಯಾಕ್ಟ್ ಕೂಡಿ ಹಸಿರು ಗುಂಡಿಯ ಕೆಲಸವನ್ನು ತಾನು ವಹಿಸಿಕೊಳ್ಳುತ್ತದೆ. ಬೆರಳು ತೆಗೆದರೂ ಮೋಟಾರು ಓಡುತ್ತಲೇ ಇರುವುದು ಅದರಿಂದ. ಕೆಂಪು ಗುಂಡಿ ಆ ಸರಪಳಿಯನ್ನು ಕಡಿಯುತ್ತದೆ. ಕರೆಂಟು ಹೋದರೂ ಸರಪಳಿ ಕಡಿಯುತ್ತದೆ. ಮೋಟಾರು ಹೆಚ್ಚು ಎಳೆದು ಓವರ್‌ಲೋಡ್ ಬಿದ್ದರೂ ಅಷ್ಟೆ. ಮೊಬೈಲ್ ಪೆಟ್ಟಿಗೆಯ ಒಂದು ರಿಲೇ ಹಸಿರು ಗುಂಡಿಗೆ ಜೋಡಿಯಾಗಿ ಕೂರುತ್ತದೆ, ಒಂದೆರಡು ಸೆಕೆಂಡು ಕೂಡಿ ಬಿಡುತ್ತದೆ. ಇನ್ನೊಂದು ಕೆಂಪು ಗುಂಡಿಯ ಸಾಲಿನಲ್ಲಿ ಕೂತು ಬೇಕಾದಾಗ ಕಡಿಯುತ್ತದೆ. ಇಲ್ಲಿ ಒಂದು ಎಚ್ಚರ. ನಮ್ಮ ಕಡೆಯ ಸ್ಟಾರ್ಟರುಗಳ ಸುರುಳಿ ಬಹುತೇಕ ಎರಡು ಫೇಸಿನ ನಡುವೆ, 415 ವೋಲ್ಟಿನ ಮೇಲೆ ಕೆಲಸ ಮಾಡುತ್ತದೆ. 250 ವೋಲ್ಟ್ ಎಂದು ಬರೆದ ಡಬ್ಬಿಯನ್ನು ಆ ತಂತಿಗೆ ಸೇರಿಸುವುದು ಎಷ್ಟು ಕಡೆ ನಡೆದಿದ್ದರೂ ತಪ್ಪೇ. ಅಷ್ಟು ವೋಲ್ಟೇಜ್ ತಡೆಯುವ ಇನ್ನೊಂದು ರಿಲೇಯನ್ನು ನಡುವೆ ಹಾಕಬೇಕು.

ಐಟಿಐ ಓದುವ ಹುಡುಗರಿಗೆ ಇದನ್ನೆಲ್ಲ ಕೈಯಾರೆ ಮಾಡಿ ನೋಡುವ ಆಸೆ ಇರುತ್ತದೆ, ಇರಬೇಕು ಕೂಡ. ಅವರಿಗೆ ಪಂಪಿನಿಂದ ಸುರುಮಾಡಬೇಡಿ ಎನ್ನುತ್ತೇನೆ. ಯುಎಸ್‌ಬಿ ಚುಚ್ಚಿ ಹಾಕುವ ಒಂಟಿ ರಿಲೇಯ ಬೋರ್ಡು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಸಿಎಚ್340 ಎಂಬ ಚಿಪ್ ಇದ್ದು, ಕಂಪ್ಯೂಟರಿನ ಕಣ್ಣಿಗೆ ಅದು ಹಳೆಯ ಕಾಲದ ಸೀರಿಯಲ್ ಪೋರ್ಟಿನಂತೆ ಕಾಣುತ್ತದೆ. ವಿಂಡೋಸ್‌ನಲ್ಲಿ ‘ಕಾಮ್ 3’, ‘ಕಾಮ್ 4’ ಹೀಗೆ ಒಂದು ಹೆಸರು ಬರುತ್ತದೆ. ಪೈಥಾನ್ ಗೊತ್ತಿದ್ದರೆ ‘ಪೈಸೀರಿಯಲ್’ ಎಂಬ ಉಚಿತ ಲೈಬ್ರರಿ ಸಾಕು. ಪೋರ್ಟ್ ತೆರೆದು, ವೇಗ 9600 ಎಂದು ಹೇಳಿ, ನಾಲ್ಕು ಬೈಟ್ ಕಳಿಸಿದರೆ ರಿಲೇ ಟಕ್ ಅನ್ನುತ್ತದೆ.

ಆ ನಾಲ್ಕು ಬೈಟ್ ಯಾವುವು? ಈ ಜಾತಿಯ ಬೋರ್ಡುಗಳಲ್ಲಿ ತುಂಬ ಬಳಕೆಯಲ್ಲಿರುವ ಆಜ್ಞೆ, ಹದಿನಾರರ ಲೆಕ್ಕದಲ್ಲಿ, ‘ಎ0 01 01 ಎ2’. ‘ಎ0’ ಅಂದರೆ ಆಜ್ಞೆ ಸುರುವಾಯಿತು. ಮುಂದಿನ 01 ಮೊದಲನೇ ರಿಲೇ. ಅದರ ಮುಂದಿನ 01 ಅಂದರೆ ಹಚ್ಚು. ಕೊನೆಯದು ಮೊದಲ ಮೂರರ ಮೊತ್ತ. ದಾರಿಯಲ್ಲಿ ಒಂದಂಕಿ ಕೆಟ್ಟರೂ ಮೊತ್ತ ತಾಳೆಯಾಗದು, ಬೋರ್ಡು ಸುಮ್ಮನಿರುತ್ತದೆ. ಆರಿಸಲು ‘ಎ0 01 00 ಎ1’. ಹೊಸಬರು ಇಲ್ಲೇ ಎಡವುತ್ತಾರೆ. ಈ ಅಕ್ಷರಗಳನ್ನು ಹಾಗೇ ಟೈಪ್ ಮಾಡಿ ಕಳಿಸುತ್ತಾರೆ. ಟೈಪ್ ಮಾಡಿದ ‘ಎ’ ಅಕ್ಷರ ತಂತಿಯ ಮೇಲೆ 65 ಎಂಬ ಸಂಖ್ಯೆಯಾಗಿ ಹೋಗುತ್ತದೆ, ಬೋರ್ಡಿಗೆ ಬೇಕಾದದ್ದು 160 ಎಂಬ ಸಂಖ್ಯೆ. ಅಕ್ಷರ ಬೇರೆ, ಬೈಟ್ ಬೇರೆ. ಬೋರ್ಡು ಕೆಟ್ಟಿದೆ ಎಂದು ಅಂಗಡಿಗೆ ಮರಳಿ ಹೋಗುವ ಅನೇಕ ಬೋರ್ಡುಗಳಿಗೆ ಯಾವ ಕೇಡೂ ಆಗಿರುವುದಿಲ್ಲ.

ಆ ‘ಎ0’ ತಂತಿಯ ಮೇಲೆ ಹೇಗೆ ಹೋಗುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡೋಣ. ಒಂದು ಬೈಟಿನಲ್ಲಿ ಎಂಟು ಬಿಟ್‌ಗಳು. ತಂತಿ ಒಂದೇ ಇರುವುದರಿಂದ ಕಾಲುದಾರಿಯ ಮೇಲೆ ಎತ್ತುಗಳು ಒಂದರ ಹಿಂದೊಂದು ಹೋಗುವ ಹಾಗೆ ಬಿಟ್‌ಗಳು ಸಾಲಾಗಿಯೇ ಹೋಗಬೇಕು. ಮಾತಿಲ್ಲದಾಗ ತಂತಿ ಮೇಲೆ ನಿಂತಿರುತ್ತದೆ, ಅಂದರೆ ವೋಲ್ಟೇಜ್ ಇರುತ್ತದೆ. ಸುರು ಎಂದು ಹೇಳಲು ಒಂದು ಬಿಟ್ ಹೊತ್ತು ಕೆಳಗಿಳಿಯುತ್ತದೆ. 9600ರ ವೇಗದಲ್ಲಿ ಒಂದು ಬಿಟ್ ಅಂದರೆ 104 ಮೈಕ್ರೊಸೆಕೆಂಡ್. ಆಮೇಲೆ ಎಂಟು ಬಿಟ್‌ಗಳು, ಬಲತುದಿಯದು ಮೊದಲು. ‘ಎ0’ಯ ಬಲಗಡೆ ಐದು ಸೊನ್ನೆಗಳಿವೆ. ಹಾಗಾಗಿ ತಂತಿ ಸುರುವಿನ ಬಿಟ್ಟೂ ಸೇರಿ ಆರು ಬಿಟ್ ಹೊತ್ತು ಕೆಳಗೇ ಇರುತ್ತದೆ. ನಂತರ ಒಂದು ಬಿಟ್ ಮೇಲೆ, ಒಂದು ಕೆಳಗೆ, ಮತ್ತೆ ಒಂದು ಮೇಲೆ. ಕೊನೆಗೆ ಮುಗಿಯಿತು ಎನ್ನುವ ಬಿಟ್, ಅದೂ ಮೇಲೆ. ಒಟ್ಟು ಹತ್ತು ಬಿಟ್. ನಾಲ್ಕು ಬೈಟಿಗೆ ನಲವತ್ತು ಬಿಟ್, ಸುಮಾರು 4 ಮಿಲಿಸೆಕೆಂಡಿನ ಕೆಲಸ. ರಿಲೇಯ ಪಟ್ಟಿ ಚಲಿಸಿ ಕೂಡಲು ಇದಕ್ಕಿಂತ ಹೆಚ್ಚು, 10 ಮಿಲಿಸೆಕೆಂಡಿನವರೆಗೂ, ಬೇಕಾಗುತ್ತದೆ. ಎರಡೂ ಕಡೆಯ ಗಡಿಯಾರದ ವೇಗ ಹೊಂದಬೇಕು ಎನ್ನುವುದೂ ಇದರಿಂದಲೇ ತಿಳಿಯುತ್ತದೆ. ಒಬ್ಬರು 9600 ಎಂದು ಹೇಳಿ ಇನ್ನೊಬ್ಬರು 19200 ಎಂದು ಕೇಳಿಸಿಕೊಂಡರೆ ಕಿವಿಗೆ ಬೀಳುವುದು ಕಸ.

ಹಳೆಯ ಕಂಪ್ಯೂಟರಿನ ಹಿಂದೆ ಒಂಬತ್ತು ಮೊಳೆಯ ಪೋರ್ಟ್ ಇರುತ್ತಿತ್ತು. ಅದು ಆರ್‌ಎಸ್-232 ಪದ್ಧತಿ, 1960ರದು. ಅದರಲ್ಲಿ ‘1’ ಅಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, ‘0’ ಅಂದರೆ ಪ್ಲಸ್ 3ರಿಂದ ಪ್ಲಸ್ 15. ಚಿಪ್ಪಿನ ಭಾಷೆಯಲ್ಲಿ ‘1’ ಅಂದರೆ 5 ವೋಲ್ಟ್, ‘0’ ಅಂದರೆ ಸೊನ್ನೆ. ಎರಡನ್ನೂ ನೇರ ಜೋಡಿಸಿದರೆ ಚಿಪ್ ಹೋಗುತ್ತದೆ. ನಡುವೆ ಮ್ಯಾಕ್ಸ್232 ಎಂಬ ಐಸಿ ಕೂರಬೇಕು. ಗುಜರಿಯಿಂದ ತಂದ ಹಳೆ ಕಂಪ್ಯೂಟರ್ ಬಳಸುವವರಿಗೆ ಮಾತ್ರ ಈ ಮಾತು, ಉಳಿದವರು ಬಿಟ್ಟು ಮುಂದೆ ಹೋಗಬಹುದು.

ಮನೆಯಿಂದ ಬಾವಿಗೆ ದೂರ ಇದ್ದರೆ? ಯುಎಸ್‌ಬಿ ಕೇಬಲ್ ಐದು ಮೀಟರಿಗೆ ಸೋಲುತ್ತದೆ. ಆರ್‌ಎಸ್-232 ಹದಿನೈದು ಮೀಟರಿಗೆ. 1983ರಲ್ಲಿ ಬಂದ ಆರ್‌ಎಸ್-485 ಬೇರೆ ಉಪಾಯ ಹೂಡಿತು. ಒಂದಕ್ಕೊಂದು ಹೆಣೆದ ಎರಡು ತಂತಿಗಳು, ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ನೋಡುವುದು. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ಬಡಿಯುವುದರಿಂದ ವ್ಯತ್ಯಾಸ ಕೆಡುವುದಿಲ್ಲ. 1200 ಮೀಟರಿನವರೆಗೂ ಮಾತು ಮುಟ್ಟುತ್ತದೆ, ಒಂದೇ ಜೋಡಿಯ ಮೇಲೆ 32 ಯಂತ್ರಗಳು ಕೂರುತ್ತವೆ. ಸಕ್ಕರೆ ಕಾರ್ಖಾನೆ, ಉದಗೀರದ ಕಡೆಯ ದಾಲ್ ಮಿಲ್ಲು, ಊರಿನ ಕುಡಿಯುವ ನೀರಿನ ಟಾಕಿ, ಇಂಥ ಕಡೆಗಳಿಗೆ ತಕ್ಕ ದಾರಿ ಇದು. ಹೊಲಕ್ಕೆ ಅಷ್ಟು ಉದ್ದ ತಂತಿ ಎಳೆದರೆ ನೇಗಿಲಿಗೆ ಸಿಗುತ್ತದೆ, ಇಲಿ ಕಡಿಯುತ್ತದೆ, ಇಲ್ಲವೇ ಮೊದಲ ಮಳೆಯ ಸಿಡಿಲು ಎರಡೂ ತುದಿಯ ಬೋರ್ಡನ್ನು ಮುಗಿಸುತ್ತದೆ. ಹೊಲಕ್ಕೆ ಸಿಮ್ಮೇ ಮೇಲು.

ಈಗ ಕಾಕಾನ ಪ್ರಶ್ನೆಗೆ ಬರೋಣ. ಸೀರಿಯಲ್ ಲಿಂಕಿನಲ್ಲಿ ಬರುವ ಮಾತಿಗೂ ಒಂದು ತಂತಿ ಇದೆ ಎಂದೆ. ಅಗ್ಗದ ಅನೇಕ ಬೋರ್ಡುಗಳಲ್ಲಿ ಆ ತಂತಿ ಖಾಲಿ ಕೂತಿರುತ್ತದೆ. ಆಜ್ಞೆ ಕಳಿಸಿದ ಪ್ರೋಗ್ರಾಮು ‘ಕಳಿಸಿದ್ದೇನೆ, ಆದ್ದರಿಂದ ಆಗಿದೆ’ ಎಂದು ಪರದೆಯ ಮೇಲೆ ಹಸಿರು ಬಣ್ಣ ತೋರಿಸಿಬಿಡುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ಮಾಡ್‌ಬಸ್ ಪದ್ಧತಿ (ಮೋಡಿಕಾನ್ ಕಂಪನಿ 1979ರಲ್ಲಿ ತಂದದ್ದು) ಇದಕ್ಕಿಂತ ಮೇಲು, ಅದರಲ್ಲಿ ಪ್ರತಿ ಆಜ್ಞೆಗೆ ಉತ್ತರ ಬರಲೇಬೇಕು. ಮೊದಲನೇ ಯಂತ್ರದ ಮೊದಲ ರಿಲೇ ಹಚ್ಚಲು ಕಳಿಸುವ ಎಂಟು ಬೈಟ್ ಹೀಗಿವೆ: ‘01 05 00 00 ಎಫ್‌ಎಫ್ 00 8ಸಿ 3ಎ’. ಉತ್ತರವಾಗಿ ಬರುವುದೂ ಇವೇ ಎಂಟು ಬೈಟ್. ಅಂದರೆ ನೀವು ಹೇಳಿದ್ದನ್ನೇ ಅದು ತಿರುಗಿ ಹೇಳುತ್ತದೆ. ಇದರಿಂದ ತಿಳಿಯುವುದು ಇಷ್ಟೇ: ಬೋರ್ಡಿಗೆ ಮಾತು ಮುಟ್ಟಿದೆ. ರಿಲೇಯ ಪಟ್ಟಿ ಕೂಡಿತೋ, ಸ್ಟಾರ್ಟರ್ ಎಳೆಯಿತೋ, ಮೋಟಾರು ತಿರುಗಿತೋ, ಅದು ಹೇಳುವುದಿಲ್ಲ. ‘ರಿಲೇ ಈಗ ಹೇಗಿದೆ’ ಎಂದು ಮತ್ತೆ ಕೇಳಿದರೂ ಬೋರ್ಡು ತನ್ನ ನೆನಪಿನಲ್ಲಿದ್ದದ್ದನ್ನು ಓದಿ ಹೇಳುತ್ತದೆಯೇ ಹೊರತು ಪಟ್ಟಿಯ ಕಡೆ ತಿರುಗಿ ನೋಡುವುದಿಲ್ಲ.

ನಿಜ ಗೊತ್ತಾಗಬೇಕಾದರೆ ನಿಜ ನಡೆಯುವ ಜಾಗದಿಂದ ತಂತಿ ತರಬೇಕು. ಸ್ಟಾರ್ಟರಿನಲ್ಲಿ ಒಂದು ಬಿಡಿ ಕಾಂಟ್ಯಾಕ್ಟ್ ಇರುತ್ತದೆ, ಇಲ್ಲದಿದ್ದರೆ ಕೂಡಿಸಬಹುದು. ಅದನ್ನು ಬೋರ್ಡಿನ ಇನ್‌ಪುಟ್ಟಿಗೆ ಕೊಟ್ಟರೆ ಸ್ಟಾರ್ಟರ್ ಎಳೆದದ್ದು ಖಚಿತ. ಮೋಟಾರಿಗೆ ಹೋಗುವ ತಂತಿಗಳಿಗೆ ಉಂಗುರದಂಥ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ತೊಡಿಸಿದರೆ ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದು ಸಿಗುತ್ತದೆ. ಈ ಎರಡನ್ನೂ ಒಟ್ಟಿಗೆ ಓದಿದರೆ ಮನೆಯಲ್ಲೇ ಕೂತು ಬಾವಿಯ ಹೊಟ್ಟೆ ನೋಡಿದ ಹಾಗೆ. ರಿಲೇಗೆ ಹೇಳಿದರೂ ಸ್ಟಾರ್ಟರ್ ಎಳೆಯಲಿಲ್ಲ ಅಂದರೆ ಫ್ಯೂಸು ಹೋಗಿದೆ, ಓವರ್‌ಲೋಡ್ ಬಿದ್ದಿದೆ, ಅಥವಾ ಸುರುಳಿ ಸುಟ್ಟಿದೆ. ಎಳೆದರೂ ಒಂದು ಫೇಸಿನಲ್ಲಿ ಕರೆಂಟೇ ಇಲ್ಲ, ಉಳಿದೆರಡರಲ್ಲಿ ಏರಿದೆ ಅಂದರೆ ಡಿಪಿಯಲ್ಲಿ ಒಂದು ಫೇಸು ಹೋಗಿದೆ. ತಡಮಾಡದೆ ಬಂದ್ ಮಾಡದಿದ್ದರೆ ವೈಂಡಿಂಗ್ ಸುಡುತ್ತದೆ. ಮೂರೂ ಫೇಸಿನಲ್ಲಿ ಕರೆಂಟು ಎಂದಿಗಿಂತ ಕಡಿಮೆ ಅಂದರೆ ಮೋಟಾರಿಗೆ ಹೊರೆಯೇ ಇಲ್ಲ, ಬೋರು ಬತ್ತಿದೆ. ಕರೆಂಟು ಸರಿಯಾಗಿದ್ದೂ ಹೊಲಕ್ಕೆ ನೀರು ಬೀಳುತ್ತಿಲ್ಲವಾದರೆ ಪೈಪು ಒಡೆದಿದೆ. ಈ ಕೊನೆಯದನ್ನು ಹಿಡಿಯಲು ಮಾತ್ರ ಪೈಪಿಗೇ ಒಂದು ಪ್ರೆಶರ್ ಸ್ವಿಚ್ ಹಾಕಬೇಕು.

ಬತ್ತಿದ ಬೋರಿನ ಮಾತು ಲಾತೂರ ಜಿಲ್ಲೆಯಲ್ಲಿ ಸಣ್ಣದಲ್ಲ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತರಬೇಕಾಗಿ ಬಂತು. ಹತ್ತು ವ್ಯಾಗನ್ನಿನ ಮೊದಲ ‘ಜಲದೂತ’ ತಂದದ್ದು ಸುಮಾರು 5 ಲಕ್ಷ ಲೀಟರ್. ಕರಿ ಬಸಾಲ್ಟ್ ಬಂಡೆಯ ಸೀಳುಗಳಲ್ಲಿ ನಿಲ್ಲುವ ನೀರು ಅರ್ಧ ತಾಸು ಓಡಿದ ಮೇಲೆ ತೀರುತ್ತದೆ, ಕೆಲವು ತಾಸಿನ ನಂತರ ಮತ್ತೆ ಒಸರುತ್ತದೆ. ಬೋರಿನೊಳಗಿನ ಸಬ್‌ಮರ್ಸಿಬಲ್ ಮೋಟಾರಿಗೆ ತಂಪು ಕೊಡುವುದೇ ಸುತ್ತಲಿನ ನೀರು. ನೀರಿಲ್ಲದೆ ಓಡಿದರೆ ಅದು ಉಳಿಯುವುದಿಲ್ಲ. ಸುಟ್ಟರೆ ನೂರಾರು ಅಡಿ ಆಳದಿಂದ ಎತ್ತಬೇಕು, ಎತ್ತುವವರಿಗೆ ಕೊಟ್ಟು, ಕಟ್ಟುವವರಿಗೂ ಕೊಡಬೇಕು. ಎರಡು ಸಿಟಿ ಮತ್ತು ನಾಲ್ಕು ಸಾಲು ಪ್ರೋಗ್ರಾಮಿನ ಖರ್ಚು ಅದರ ಮುಂದೆ ಏನೂ ಅಲ್ಲ. ಆದರೂ ಪೆಟ್ಟಿಗೆ ಮಾರುವವರು ಮೊದಲು ಹೇಳುವುದು ‘ಎಲ್ಲಿಂದ ಬೇಕಾದರೂ ಸುರು ಮಾಡಿ’ ಎಂದು. ಕೊಳ್ಳುವವರು ಕೇಳಬೇಕಾದದ್ದು, ಕೆಟ್ಟದ್ದು ಏನಾದರೂ ಆದರೆ ಅದು ನನಗೆ ಏನು ಹೇಳುತ್ತದೆ ಎಂದು.

ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ಬಹಳ ಜನ ಕೇಳುವುದೇ ಇಲ್ಲ. ಮಾತೇ ನಿಂತುಹೋದರೆ? ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು, ಕೇಬಲ್ ಕಿತ್ತಿತು, ಸಿಗ್ನಲ್ ಹೋಯಿತು. ರಿಲೇ ಆಗ ಹೇಗಿರಬೇಕು? ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಉದಗೀರ ದಾಟಿ ಲಾತೂರ ರೋಡ್ ಕಡೆ ಹೋಗುವ ರೈಲುದಾರಿಯ ಸಿಗ್ನಲ್ ರಿಲೇಗಳಿಗೆ ಇದರ ಉತ್ತರ ಮೊದಲೇ ಕೊಟ್ಟಿರುತ್ತಾರೆ. ಕರೆಂಟು ತಪ್ಪಿದರೆ ರಿಲೇ ಕೆಳಗೆ ಬೀಳಬೇಕು, ಬಿದ್ದರೆ ಸಿಗ್ನಲ್ ಕೆಂಪಾಗಬೇಕು. ಹೊಲದ ಪೆಟ್ಟಿಗೆಯಲ್ಲೂ ಇದನ್ನು ಮೊದಲೇ ತೀರ್ಮಾನಿಸಬೇಕು. ಸುಲಭದ ದಾರಿ ಎಂದರೆ ಕಂಪ್ಯೂಟರು ಕೆಲವು ಸೆಕೆಂಡಿಗೊಮ್ಮೆ ‘ಇದ್ದೇನೆ’ ಎನ್ನಬೇಕು. ಒಂದು ನಿಮಿಷ ಆ ಮಾತು ಬರಲಿಲ್ಲವೆಂದರೆ ಬೋರ್ಡು ತಾನೇ ರಿಲೇ ಬಿಡಬೇಕು. ಅರ್ಡುಯಿನೋ ಉನೋ ಎಂಬ ಬೋರ್ಡು ಬಳಸುವ ಹುಡುಗರು ಇನ್ನೊಂದು ಚೇಷ್ಟೆ ಕಂಡಿರುತ್ತಾರೆ: ಕಂಪ್ಯೂಟರಿನಲ್ಲಿ ಪೋರ್ಟ್ ತೆರೆದ ಕೂಡಲೇ ಬೋರ್ಡು ರೀಸೆಟ್ ಆಗುತ್ತದೆ, ಹಚ್ಚಿಟ್ಟ ರಿಲೇ ಬೀಳುತ್ತದೆ. ಬೋರ್ಡು ಕೆಟ್ಟದ್ದಲ್ಲ, ಅದನ್ನು ಹಾಗೆಯೇ ಮಾಡಿದ್ದಾರೆ. ಇನ್ನು ಪೇಟೆಯಲ್ಲಿ ಸಿಗುವ ಅನೇಕ ರಿಲೇ ಬೋರ್ಡುಗಳು ಇನ್‌ಪುಟ್ ಕೆಳಗಿಳಿದಾಗ ಹಚ್ಚುತ್ತವೆ. ಪ್ರೋಗ್ರಾಮಿನಲ್ಲಿ ಕಾಲನ್ನು ಮೊದಲು ಮೇಲೆ ಎತ್ತಿಟ್ಟು, ಆಮೇಲೆ ಅದನ್ನು ಔಟ್‌ಪುಟ್ ಮಾಡದಿದ್ದರೆ ಕರೆಂಟು ಬಂದ ಕ್ಷಣದಲ್ಲೇ ಎಲ್ಲ ರಿಲೇಗಳೂ ಒಮ್ಮೆ ಟಕಟಕ ಅನ್ನುತ್ತವೆ. ಬಲ್ಬು ಕಟ್ಟಿದ್ದರೆ ಮೋಜು, ಮೋಟಾರು ಕಟ್ಟಿದ್ದರೆ ಅಲ್ಲ.

ಕರೆಂಟು ಬಂದ ಕ್ಷಣ ಎಂದೆನಲ್ಲ, ಅದರ ಬಗ್ಗೆ ನನಗೆ ತಕರಾರಿದೆ. ‘ಆಟೋ’ ಹಾಕಿಟ್ಟ ಸ್ಟಾರ್ಟರುಗಳು ಕರೆಂಟು ಬರುತ್ತಲೇ ಒಟ್ಟಿಗೆ ಎದ್ದು ನಿಲ್ಲುತ್ತವೆ. 63 ಕೆವಿಎ ಡಿಪಿಯ ತಾಕತ್ತು ಪ್ರತಿ ಫೇಸಿಗೆ ಸುಮಾರು 84 ಆಂಪಿಯರ್. ಅದರ ಮೇಲೆ 5 ಎಚ್‌ಪಿಯ ಹತ್ತು ಮೋಟಾರು ಓಡಿದರೆ 75 ಆಂಪಿಯರ್, ಹೇಗೋ ಹೊರುತ್ತದೆ. ಆ ಹತ್ತೂ ಒಂದೇ ಕ್ಷಣ ಸುರುವಾದರೆ 450. ವೋಲ್ಟೇಜ್ ಕುಸಿಯುತ್ತದೆ, ಯಾವ ಮೋಟಾರೂ ಎದ್ದು ಓಡುವುದಿಲ್ಲ, ಎಲ್ಲವೂ ಗುಂಯ್‌ಗುಡುತ್ತ ಎಳೆಯುತ್ತಲೇ ಇರುತ್ತವೆ. ಡಿಪಿಯ ಫ್ಯೂಸು ಹೋದರೆ ಪುಣ್ಯ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿದ್ದರೆ ಡಿಪಿಯೇ ಹೋಗುತ್ತದೆ, ಹೊಸದು ಬರುವವರೆಗೆ ಬೆಳೆ ಒಣಗುತ್ತದೆ. ಪೆಟ್ಟಿಗೆಯಲ್ಲಿ ಹೇಗೂ ಚಿಪ್ ಇದೆ. ಕರೆಂಟು ಬಂದ ಮೇಲೆ ಒಂದರಿಂದ ಐದು ನಿಮಿಷದೊಳಗೆ ಮನಸ್ಸಿಗೆ ಬಂದ ಯಾವುದೋ ಒಂದು ಗಳಿಗೆ ಕಾದು ಸುರುಮಾಡು ಎಂದು ಅದಕ್ಕೆ ಕಲಿಸಲು ದುಡ್ಡು ಬೇಕಿಲ್ಲ. ಕೆಲವು ಕಂಪನಿಗಳು ತಡ ಮಾಡುವ ಸೌಲಭ್ಯ ಕೊಟ್ಟಿವೆ. ಆದರೆ ಎಲ್ಲರೂ ಅದನ್ನು ಒಂದೇ ಸಂಖ್ಯೆಗೆ ಇಟ್ಟರೆ ಮತ್ತೆ ಎಲ್ಲವೂ ಒಟ್ಟಿಗೇ ಏಳುತ್ತವೆ. ಒಂದು ಡಿಪಿಯ ಕೆಳಗಿನ ರೈತರು ಕೂತು ಮಾತಾಡಿ ಬೇರೆ ಬೇರೆ ನಿಮಿಷ ಹಂಚಿಕೊಂಡರೂ ನಡೆದೀತು. ಹಾಗೆಯೇ ಸುರುವಾಗದ ಮೋಟಾರಿಗೆ ಪೆಟ್ಟಿಗೆ ಎರಡೇ ಸಲ ಪ್ರಯತ್ನಿಸಬೇಕು. ಮೂರನೆಯ ಸಲ ಫೋನ್ ಮಾಡಿ ಮಾಲಕನನ್ನು ಕೇಳಬೇಕು.

ಸುರಕ್ಷತೆಯ ವಿಷಯದಲ್ಲಿ ಹುಡುಗರಿಗೆ ಒಂದೇ ಮಾತು. ಮೊದಲ ದಿನ ರಿಲೇಯ ಆ ಬದಿಗೆ 12 ವೋಲ್ಟಿನ ಬಲ್ಬು ಕಟ್ಟಿ. ಸಾವಿರ ಸಲ ಹಚ್ಚಿ ಆರಿಸಿ, ಕೇಬಲ್ ಕಿತ್ತು ನೋಡಿ, ಕಂಪ್ಯೂಟರ್ ಬಂದ್ ಮಾಡಿ ನೋಡಿ. 415 ವೋಲ್ಟಿನ ಕೆಲಸವನ್ನು ಬಲ್ಲ ವಾಯರ್‌ಮನ್ ಮಾಡಲಿ. ಸ್ಟಾರ್ಟರ್ ಬಿಡುವಾಗಿನ ಕಿಡಿ ಯುಎಸ್‌ಬಿಯನ್ನೇ ಮಾಯಮಾಡುವುದುಂಟು. ಅದಕ್ಕೂ ಅವನು ಸುರುಳಿಗೆ ಅಡ್ಡ, ಕಿಡಿ ಅಡಗಿಸುವ ಒಂದು ಸ್ನಬ್ಬರ್ ಹಾಕಿಕೊಡುತ್ತಾನೆ.

ಇದಕ್ಕಿಂತ ದೊಡ್ಡ ಅಪಾಯ ಬಾವಿಯಲ್ಲಿದೆ. ನಡುರಾತ್ರಿ ಹೊಲಕ್ಕೆ ಹೋಗುವವರು ಇಲ್ಲವಾದ ಮೇಲೆ ಮೋಟಾರು ಯಾರ ಕೈಯಲ್ಲಿದೆ ಎನ್ನುವುದೇ ಮಸುಕಾಗಿದೆ. ಅಪ್ಪ ಬಾವಿಗಿಳಿದು ಫುಟ್‌ವಾಲ್ವಿಗೆ ಸಿಕ್ಕ ಕಸ ತೆಗೆಯುತ್ತಿರುತ್ತಾನೆ. ಪುಣೆಯಲ್ಲಿ ಕೆಲಸಕ್ಕಿರುವ ಮಗನ ಫೋನಿಗೆ ‘ಲೈಟ್ ಬಂದಿದೆ’ ಎಂಬ ಸಂದೇಶ ಹೋಗುತ್ತದೆ. ಅಪ್ಪನಿಗೆ ಸಹಾಯವಾಗಲಿ ಎಂದು ಅವನು ಅಲ್ಲಿಂದಲೇ ಸುರು ಮಾಡುವ ಅಂಕಿ ಒತ್ತುತ್ತಾನೆ. ಸ್ಟಾರ್ಟರ್ ಹಳೆಯದಿದ್ದಾಗ ಈ ಭಯ ಇರಲಿಲ್ಲ, ಗುಂಡಿ ಒತ್ತುವವನು ಬಾವಿಯ ಪಕ್ಕದಲ್ಲೇ ನಿಂತಿರುತ್ತಿದ್ದ. ಆದ್ದರಿಂದ ಪೆಟ್ಟಿಗೆಯ ಮೇಲೆ ‘ಇಲ್ಲಿ / ದೂರ’ ಎಂಬ ಎರಡು ಜಾಗದ ತಿರುಗು ಸ್ವಿಚ್ ಇರಲೇಬೇಕು, ಅದು ಪ್ರೋಗ್ರಾಮಿನಲ್ಲಲ್ಲ, ತಂತಿಯಲ್ಲೇ ರಿಲೇಯನ್ನು ಕಡಿಯಬೇಕು. ಇಳಿಯುವ ಮೊದಲು ಅದನ್ನು ‘ಇಲ್ಲಿ’ ಕಡೆ ತಿರುಗಿಸಿ, ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಆ ಸ್ವಿಚ್ಚಿನಿಂದ ಇನ್ನೊಂದು ಸಣ್ಣ ತಂತಿ ಚಿಪ್ಪಿಗೂ ಹೋಗಲಿ. ಆಗ ಮಗ ಎಷ್ಟು ಸಲ ಆ ಅಂಕಿ ಒತ್ತಿದರೂ ಪೆಟ್ಟಿಗೆ ‘ಬಾವಿಯ ಹತ್ತಿರ ಯಾರೋ ಇದ್ದಾರೆ, ಸುರು ಮಾಡುವುದಿಲ್ಲ’ ಎಂದು ಹೇಳಬಲ್ಲದು. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಸೆಲೆಕ್ಟರ್ ಸ್ವಿಚ್’ ಎಂದು ಕೇಳಿದರೆ ಕೊಡುತ್ತಾರೆ, ಬೆಲೆಯೂ ಹೆಚ್ಚಲ್ಲ.